ರಿಜಿಸ್ಟರ್‌ನಲ್ಲಿ ತಪ್ಪಿದ್ರೆ ತಪ್ಪನ್ನೇ ಟೈಪ್ ಮಾಡ್ಬೇಕಾ? ಇಂಡೆಕ್ಸಿಂಗ್ ಮಾಡೋರು ಸ್ವಲ್ಪ ಹೇಳಿ

ಹಳೆಪುಟ:
ಎಲ್ರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ವಾಲಂಟಿಯರ್ ಪ್ರಾಜೆಕ್ಟ್‌ಗೆ ಇಂಡೆಕ್ಸಿಂಗ್ ಮಾಡ್ತಾ ಇದೀನಿ, ಇಂಗ್ಲೆಂಡಿನ ಹಳೇ ಚರ್ಚ್ ರಿಜಿಸ್ಟರ್‌ಗಳು, ಸ್ಕ್ಯಾನ್ ಮಾಡಿದ ಪುಟ ಒಂದು ಕಡೆ ಕಾಣತ್ತೆ, ಪಕ್ಕದಲ್ಲಿ ಖಾನೆ ಇರತ್ತೆ, ಮಗು ಹೆಸರು, ಅಪ್ಪನ ಹೆಸರು, ತಾರೀಖು ಅಂತ ತುಂಬಿಸ್ತಾ ಹೋಗೋದು. ಚಟ ಹತ್ತಿಬಿಟ್ಟಿದೆ, ಸುಳ್ಳು ಹೇಳಲ್ಲ.

ಆದ್ರೆ ಹೋದ ವಾರ ನಾನು ಕಳಿಸಿದ ಒಂದು ಬ್ಯಾಚ್ ಪೂರ್ತಿ ಕೆಂಪಾಗಿ ವಾಪಸ್ ಬಂತು. 1741ನೇ ಇಸವಿ ಪುಟ. ತಿಂಗಳ ಜಾಗದಲ್ಲಿ 7 ಅಂಕಿ ಬರೆದು ಪಕ್ಕದಲ್ಲಿ ಪುಟ್ಟದಾಗಿ ಬಿ-ಇ-ಆರ್ ಅಂತ ಇತ್ತು, ಏಳನೇ ತಿಂಗಳು ಅಂದ್ರೆ ಜುಲೈ ಅಲ್ವಾ, ಜುಲೈ ಹಾಕ್ದೆ. ರಿವ್ಯೂ ಮಾಡೋರು ಅದನ್ನ ಸೆಪ್ಟೆಂಬರ್ ಮಾಡಿದಾರೆ. ಅಪ್ಪನ ಹೆಸರು ಜೆ-ಎನ್-ಓ ಅಂತ ಇತ್ತು, ನಾನು ಜೊನಾಥನ್ ಅಂತ ಬಿಡಿಸಿ ಬರೆದಿದ್ದೆ, ಅದನ್ನ ಮತ್ತೆ ಆ ಮೂರು ಅಕ್ಷರಕ್ಕೇ ಇಳಿಸಿದಾರೆ. ಇನ್ನೊಂದು, ಒಂದೇ ಕುಟುಂಬ ಅಂತ ನೋಡಿದ್ರೇ ಗೊತ್ತಾಗತ್ತೆ, ಮೂರು ಎಂಟ್ರಿಯಲ್ಲಿ ಸ್ಮಿತ್ ಅನ್ನೋ ಸರ್‌ನೇಮು ಮೂರು ಥರ ಇದೆ, ಒಂದ್ಕಡೆ ಐ, ಒಂದ್ಕಡೆ ವೈ, ಇನ್ನೊಂದ್ಕಡೆ ವೈ ಜೊತೆ ಕೊನೇಲಿ ಒಂದು ಇ. ಹುಡುಕೋರಿಗೆ ಸುಲಭ ಆಗ್ಲಿ ಅಂತ ಮೂರನ್ನೂ ಒಂದೇ ಥರ ಮಾಡಿದ್ದೆ. ಅದೂ ತಪ್ಪಂತೆ, "ಇದ್ದಂಗೆ ಟೈಪ್ ಮಾಡಿ" ಅಂತ ಒಂದು ಸಾಲಿನ ನೋಟು.

ಸರಿ ಸ್ವಾಮಿ, ಇದ್ದಂಗೇ ಅಂದ್ರೆ 7ನ್ನ ಸೆಪ್ಟೆಂಬರ್ ಯಾಕೆ ಮಾಡಿದ್ರಿ? ಒಂದ್ಕಡೆ ಬಿಡಿಸ್ಬೇಡ ಅಂತಾರೆ, ಇನ್ನೊಂದ್ಕಡೆ ತಾವೇ ಬಿಡಿಸ್ತಾರೆ. ನಂಗೆ ತಲೆ ಬುಡ ಅರ್ಥ ಆಗ್ತಿಲ್ಲ.

ಮಸಿಕುಡಿಕೆ:
ಬೇಜಾರ್ ಮಾಡ್ಕೋಬೇಡಿ, ಆ 7ಕ್ಕೆ ನಾನೂ ಬಿದ್ದೋಳೇ. ಅದು ಏಳನೇ ತಿಂಗಳು ಅಲ್ಲ, "ಸೆಪ್ಟೆಂ" ಅನ್ನೋ ಉಚ್ಚಾರಕ್ಕೆ 7 ಹಾಕಿ ಉಳಿದ "ಬರ್" ಬರೆದಿರೋದು. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದ್ರೆ ಏಳು, ಆಕ್ಟೋ ಎಂಟು, ನೊವೆಮ್ ಒಂಬತ್ತು, ಡೆಕೆಮ್ ಹತ್ತು. ನಮ್ಮ ಸಪ್ತ ಅಷ್ಟ ನವ ದಶ ನೆನಪಿಟ್ಕೊಳಿ ಸಾಕು, ಜನ್ಮದಲ್ಲಿ ಮರೆಯಲ್ಲ. 8 ಕಂಡ್ರೆ ಅಕ್ಟೋಬರ್, 9 ನವೆಂಬರ್, ಡಿಸೆಂಬರ್‌ಗೆ 10 ಇಲ್ಲಾ ರೋಮನ್ ಹತ್ತು ಅಂದ್ರೆ ಎಕ್ಸ್ ಅಕ್ಷರ. ಅನುಮಾನ ಬಂದ್ರೆ ಮೇಲಿನ ಕೆಳಗಿನ ಎಂಟ್ರಿ ನೋಡಿ, ಆಗಸ್ಟ್ ಆದ್ಮೇಲೆ ಜುಲೈ ಬರಲ್ಲವಲ್ಲ.

ನಿಮ್ಮ ಪ್ರಶ್ನೆಗೆ ಬರ್ತೀನಿ. ಓದೋದು ಬೇರೆ, ತಿದ್ದೋದು ಬೇರೆ. 7ನ್ನ ಸೆಪ್ಟೆಂಬರ್ ಅಂದ್ರೆ ಗುಮಾಸ್ತ ಬರೆದಿದ್ದನ್ನ ಓದಿದಂಗೆ, ಆ ಖಾನೆಯಲ್ಲಿ ಹೇಗೂ ತಿಂಗಳ ಹೆಸರನ್ನೇ ಹಾಕ್ಬೇಕು. ಜೆ-ಎನ್-ಓ ಬಿಡಿಸಿದ್ರೆ ಅದು ಊಹೆ, ಅದೂ ನೀವು ತಪ್ಪು ಊಹೆ ಮಾಡಿದೀರಿ ಪಾಪ, ಅದು ಜಾನ್, ಜೊನಾಥನ್ ಅಲ್ಲ! ಅದಕ್ಕೇ ಬಿಡಿಸ್ಬೇಡಿ ಅನ್ನೋದು. ಕೆಲವು ಪ್ರಾಜೆಕ್ಟ್‌ನಲ್ಲಿ ಬಿಡಿಸಿ ಅಂತಾನೇ ಹೇಳಿರ್ತಾರೆ, ಅದಕ್ಕೆ ಬ್ಯಾಚ್ ತಗೊಳೋ ಮುಂಚೆ ಸೂಚನೆ ಪುಟ ಓದ್ಬೇಕು (ಯಾರೂ ಓದಲ್ಲ, ನಾನೂ ಓದ್ತಿರ್ಲಿಲ್ಲ).

ಸರ್‌ನೇಮ್ ವಿಷಯದಲ್ಲಿ ಮಾತ್ರ ನಿಮ್ಮ ರಿವ್ಯೂವರ್ ಪಕ್ಷ ನಾನು. ಆ ಕಾಲದಲ್ಲಿ ಹೆಸರಿಗೆ ಒಂದೇ ಸ್ಪೆಲ್ಲಿಂಗ್ ಅಂತ ಇರ್ಲೇ ಇಲ್ಲ, ಕಿವಿಗೆ ಬಿದ್ದಂಗೆ ಬರ್ಕೊಳೋರು. 1754ರಿಂದ ಮದುವೆ ರಿಜಿಸ್ಟರ್‌ನಲ್ಲಿ ಗಂಡು ಹೆಣ್ಣು ಇಬ್ಬರೂ ಸಹಿ ಹಾಕ್ಬೇಕಿತ್ತು, ಬರೆಯೋಕೆ ಬಾರದವರು ಒಂದು ಗೀಟು ಹಾಕೋರು. ಅಂಥ ಎಂಟ್ರಿ ಸಿಕ್ಕಿದ್ರೆ ನಿಧಾನಕ್ಕೆ ನೋಡಿ, ಮೇಲೆ ಪಾದ್ರಿ ಬರೆದಿರೋ ಸ್ಪೆಲ್ಲಿಂಗ್ ಒಂದು, ಕೆಳಗೆ ಆ ಮನುಷ್ಯನೇ ನಡುಗೋ ಕೈಯಲ್ಲಿ ಬರೆದಿರೋ ಸ್ಪೆಲ್ಲಿಂಗ್ ಇನ್ನೊಂದು. ನೀವು ಎರಡನ್ನೂ ಒಂದು ಮಾಡಿದ್ರೆ ಅವನು ತನ್ನ ಹೆಸರನ್ನ ಹೆಂಗೆ ಬರೀತಿದ್ದ ಅನ್ನೋದೇ ಹೋಯ್ತು.

ಬೇರುಹುಡುಕ:
ನಾನು ಆ ಕಡೆಯೋನು, ಅಂದ್ರೆ ಹುಡುಕೋನು. ಹುಡುಕೋರಿಗೆ ಸುಲಭ ಆಗ್ಲಿ ಅಂದ್ರಲ್ಲ ಅಣ್ಣ, ಸ್ಪೆಲ್ಲಿಂಗ್ ಚಿಂತೆ ನೀವು ಮಾಡ್ಬೇಡಿ, ಅದನ್ನ ಸರ್ಚ್ ನೋಡ್ಕೊಳತ್ತೆ. ಸೌಂಡೆಕ್ಸ್ ಅಂತ ಒಂದು ಪದ್ಧತಿ 1918ರಲ್ಲೇ ಪೇಟೆಂಟ್ ಆಗಿದೆ, ಕಂಪ್ಯೂಟರ್ ಬರೋಕೆ ಎಷ್ಟೋ ಮುಂಚೆ. ಹೆಸರಿನ ಮೊದಲನೇ ಅಕ್ಷರ ಇಟ್ಕೊಂಡು ಆಮೇಲಿನ ವ್ಯಂಜನಗಳಿಗೆ ಒಂದೊಂದು ಅಂಕಿ, ಒಟ್ಟು ಮೂರು ಅಂಕಿ. ರಾಬರ್ಟ್‌ಗೂ ಆರ್163, ರೂಪರ್ಟ್‌ಗೂ ಆರ್163. ನಿಮ್ಮ ಮೂರು ಸ್ಮಿತ್‌ಗೂ ಒಂದೇ ಕೋಡ್ ಬರತ್ತೆ.

ಇದು ಕೈಕೊಡೋದು ಮೊದಲನೇ ಅಕ್ಷರ ತಪ್ಪಾದಾಗ. ಹಳೇ ಕೈಬರಹದಲ್ಲಿ ದೊಡ್ಡ ಎಸ್ಸು ದೊಡ್ಡ ಎಲ್ಲು ಒಂದೇ ಥರ ಸುತ್ಕೊಂಡಿರತ್ತೆ, ಟಿ ಎಫ್ ಅಂತೂ ಅವಳಿ ಜವಳಿ. ನಾನು ಒಂದು ಎಂಟ್ರಿಗೆ ಎರಡು ವರ್ಷ ಹುಡುಕಿದೀನಿ, ಎಸ್ ಇಂದ ಶುರುವಾಗೋ ಹೆಸರು, ಯಾರೋ ಎಲ್ ಅಂತ ಟೈಪ್ ಮಾಡಿಟ್ಟಿದ್ರು, ಏನು ತಿಪ್ಪರಲಾಗ ಹಾಕಿದ್ರೂ ಸರ್ಚ್‌ನಲ್ಲಿ ಬರ್ಲಿಲ್ಲ, ಕೊನೆಗೆ ಇಂಡೆಕ್ಸ್ ಬಿಟ್ಟು ಆ ವರ್ಷದ ಪುಟಗಳನ್ನ ಒಂದೊಂದಾಗಿ ತಿರುವುತ್ತಾ ಕೂತೆ, ಮಧ್ಯರಾತ್ರಿ ಆಗಿತ್ತು ಅನ್ಸತ್ತೆ, ಪುಟದ ಕೆಳಗಡೆ ಆರಾಮಾಗಿ ಕೂತಿತ್ತು. ಹಾಗಾಗಿ ನಿಮ್ಮ ಜಾಣತನ ಎಲ್ಲ ಆ ಮೊದಲನೇ ಅಕ್ಷರದ ಮೇಲೆ ಸುರೀರಿ. ಅದೇ ಗುಮಾಸ್ತ ಬೇರೆ ಪುಟದಲ್ಲಿ ಎಸ್ ಹೆಂಗೆ ಬರೆದಿದಾನೆ, ಎಲ್ ಹೆಂಗೆ ಬರೆದಿದಾನೆ, ತೂಗಿ ನೋಡಿ.

ಶಾರ್ಟ್‌ಕಟ್ ಸೋಮಣ್ಣ:
ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೋತೀರಪ್ಪಾ, ಈಗ ಎಐ ಇದೆ. ಅಮೆರಿಕದ 1940ರ ಜನಗಣತಿ 2012ರ ಏಪ್ರಿಲ್‌ನಲ್ಲಿ ಓಪನ್ ಆದಾಗ ಹೆಸರು ಹಾಕಿ ಹುಡುಕೋಕೆ ಆಗ್ತಿರ್ಲಿಲ್ಲ, ಲಕ್ಷಕ್ಕೂ ಹೆಚ್ಚು ವಾಲಂಟಿಯರ್‌ಗಳು ಕೂತು 13 ಕೋಟಿ ಹೆಸರು ಟೈಪ್ ಮಾಡಿದ್ರು. ಅದೇ 1950ರದ್ದು 2022ರ ಏಪ್ರಿಲ್ 1ಕ್ಕೆ ಬಂದಾಗ ಮೊದಲನೇ ದಿನದಿಂದಲೇ ಹೆಸರು ಹಾಕಿ ಹುಡುಕ್ಬಹುದಿತ್ತು, ಮೆಷಿನ್ನೇ ಓದಿತ್ತು. ನೀವು ಒಂದೊಂದು ಬ್ಯಾಚ್ ಅಂತ ಕುಟ್ತಾ ಕೂತಿದೀರಿ.

ಮಸಿಕುಡಿಕೆ:
ಸೋಮಣ್ಣ, ಅರ್ಧ ಹೇಳಿದ್ರಿ. ಅದೇ 1950ರ ಸೈಟ್‌ನಲ್ಲಿ, ಮೆಷಿನ್ ಓದಿದ ಹೆಸರು ತಪ್ಪಿದ್ರೆ ತಿದ್ದಿ ಅಂತ ಜನರಿಗೇ ಬಟನ್ ಕೊಟ್ಟಿದ್ರಲ್ಲ, ಅದು ಯಾಕೆ? ಅದೂ ಜನಗಣತಿ ಅಂದ್ರೆ ಅಚ್ಚು ಹಾಕಿದ ಫಾರಂ, ಗೀಟು ಹಾಕಿದ ಖಾನೆ. 1741ರ ಪುಟದಲ್ಲಿ ಖಾನೇನೇ ಇಲ್ಲ, ಹಿಂದಿನ ಪುಟದ ಮಸಿ ಈ ಕಡೆ ಮೂಡಿರತ್ತೆ, ಜಾಗ ಸಾಲ್ದೆ ಅಂಚಲ್ಲಿ ಅಡ್ಡಡ್ಡ ಬರೆದಿರ್ತಾರೆ. ನಾನು ಟ್ರಾನ್ಸ್‌ಕ್ರಿಬಸ್ ಅಂತ ಹಳೇ ಕೈಬರಹ ಓದೋ ಎಐ ಸಾಫ್ಟ್‌ವೇರ್ ಉಪಯೋಗಿಸ್ತೀನಿ, ಬೈಯಲ್ಲ, ಒಂದೇ ಕೈಬರಹದ ಉದ್ದುದ್ದ ಪುಸ್ತಕಕ್ಕೆ ಟ್ರೈನ್ ಮಾಡಿದ್ರೆ ಚೆನ್ನಾಗೇ ಓದತ್ತೆ. ಆದ್ರೆ ಅದಕ್ಕೂ ಹಳೆಪುಟ ಅವರ ಖಾಯಿಲೆನೇ ಇದೆ, ಅಪರೂಪದ ಹೆಸರು ಕಂಡ್ರೆ ತನಗೆ ಗೊತ್ತಿರೋ ಹೆಸರಿನ ಕಡೆ ಎಳ್ಕೊಂಡು ಹೋಗಿಬಿಡತ್ತೆ. ತಪ್ಪಾಗಿ ಓದಿದ್ದೂ ನೋಡೋಕೆ ಸರಿಯಾಗೇ ಕಾಣತ್ತೆ, ಅದೇ ತೊಂದರೆ. ಮನುಷ್ಯ ಆದ್ರೆ ಗೊತ್ತಾಗ್ದೇ ಇದ್ರೆ ಗೊತ್ತಾಗ್ಲಿಲ್ಲ ಅಂತಾನಾದ್ರೂ ಹಾಕ್ತಾನೆ.

ಬೇರುಹುಡುಕ:
ಹಾಂ, ಅದಕ್ಕೆ ಚಿಹ್ನೆಗಳೇ ಇವೆ. ಫ್ರೀಬಿಎಂಡಿ ಅಂತ 1998ರಿಂದ ವಾಲಂಟಿಯರ್‌ಗಳೇ ನಡೆಸೋ ಪ್ರಾಜೆಕ್ಟ್, ಅವರಲ್ಲಿ ಒಂದು ಅಕ್ಷರ ಓದೋಕಾಗದಿದ್ರೆ ಅಡಿಗೆರೆ, ಹಲವು ಅಕ್ಷರ ಹೋಗಿದ್ರೆ ನಕ್ಷತ್ರ ಚಿಹ್ನೆ, ಇದೋ ಅದೋ ಅನ್ನೋ ಹಂಗಿದ್ರೆ ಎರಡನ್ನೂ ಚೌಕ ಬ್ರಾಕೆಟ್ ಒಳಗೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಯಾವ ಚಿಹ್ನೆ ಅಂತ ನೋಡ್ಕೊಳಿ. ಖಾಲಿ ಬಿಡೋದಕ್ಕಿಂತ, ಸುಮ್ನೆ ಒಂದು ಹೆಸರು ತುಂಬೋದಕ್ಕಿಂತ ಸಾವಿರ ಪಾಲು ಮೇಲು.

ಕ್ಯಾಮೆರಾಸ್ಟ್ಯಾಂಡ್:
ಫೋಟೋ ತೆಗೆಯೋರ ಕಡೆಯಿಂದ ಒಂದು ಮಾತು, ನೀವು ಓದೋಕಾಗಲ್ಲ ಅಂತ ಒದ್ದಾಡೋದರಲ್ಲಿ ಎಷ್ಟೋ ಸಲ ತಪ್ಪು ನಮ್ದಿರತ್ತೆ. ಬೈಂಡಿಂಗ್ ಬಿಗಿ ಇರೋ ಪುಸ್ತಕ ಪೂರ್ತಿ ಬಿಚ್ಚಲ್ಲ, ಒತ್ತಿದ್ರೆ ಬೆನ್ನು ಮುರಿಯತ್ತೆ, ಹೊಲಿಗೆ ಹತ್ರದ ಒಂದೆರಡು ಅಕ್ಷರ ಮಡಿಕೆ ಒಳಗೇ ಉಳಿದುಬಿಡತ್ತೆ. ವಿ ಆಕಾರದ ತೊಟ್ಟಿಲು ಥರ ಸ್ಟ್ಯಾಂಡ್ ಇದ್ರೆ ಎರಡೂ ಕಡೆ ಬೇರೆ ಬೇರೆ ತೆಗೀಬಹುದು. ಖಾಲಿ ಪುಟಾನೂ ತೆಗೀತೀವಿ, ಜನ ನಗ್ತಾರೆ, ತೆಗೀದಿದ್ರೆ ಮುಂದೆ ನೋಡೋರಿಗೆ ಪುಟ ಖಾಲಿ ಇತ್ತೋ ನಾವೇ ಹಾರಿಸಿದ್ವೋ ಗೊತ್ತಾಗಲ್ಲ.

ಇನ್ನೊಂದು, ಇಂಗ್ಲೆಂಡಿನ ರಿಜಿಸ್ಟರ್ ಅಂದ್ರಲ್ಲ, ಆ ಚರ್ಚುಗಳು ವರ್ಷಾ ವರ್ಷ ಒಂದು ನಕಲು ಬಿಷಪ್ಪರಿಗೆ ಕಳಿಸ್ಬೇಕಿತ್ತು, 1598ರಿಂದ. ಮೂಲ ಹರಿದಿದ್ರೆ ಆ ನಕಲು ಉಳಿದಿರ್ಬಹುದು. ಅದನ್ನ ನೋಡಿ ಇಲ್ಲಿ ತುಂಬಬೇಡಿ ಮತ್ತೆ! ಅದು ಬೇರೆ ದಾಖಲೆ, ಅದಕ್ಕೆ ಬೇರೆ ಇಂಡೆಕ್ಸು. ನಕಲು ಮಾಡೋನು ತನ್ನ ತಪ್ಪನ್ನ ತಾನೇ ಹೊಸದಾಗಿ ಸೇರಿಸಿರ್ತಾನೆ.

ಹಳೆಪುಟ:
ಎಲ್ರಿಗೂ ಥ್ಯಾಂಕ್ಸ್. ವಾಪಸ್ ಹೋಗಿ ಪುಟ ನೋಡ್ದೆ, ಹೌದು, ಮೇಲೆ ಆಗಸ್ಟ್, ಮಧ್ಯ 7, ಕೆಳಗೆ 8. ಕಣ್ಣೆದುರಿಗೇ ಇತ್ತು. ಸಪ್ತ ಅಷ್ಟ ಅಂತ ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿದೀನಿ.

ಈಗ ಇನ್ನೊಂದು ಬ್ಯಾಚ್, ಬೈಕೋಬೇಡಿ. 1731 ಡಿಸೆಂಬರ್ ಆಯ್ತು, ಮುಂದಿನ ಎಂಟ್ರಿ ಜನವರಿ, ಆದ್ರೆ ಇಸವಿ ಮತ್ತೆ 1731. ಫೆಬ್ರವರೀನೂ 1731. ಗುಮಾಸ್ತನಿಗೆ ಹೊಸ ವರ್ಷ ಬಂದಿದ್ದೇ ಗೊತ್ತಾಗ್ಲಿಲ್ವಾ? 1732 ಮಾಡ್ಲಾ?

ಮಸಿಕುಡಿಕೆ:
ಮಾಡ್ಬೇಡೀ!! ಅವನಿಗೆ ಹೊಸ ವರ್ಷ ಇನ್ನೂ ಬಂದೇ ಇಲ್ಲ. ಇಂಗ್ಲೆಂಡಿನಲ್ಲಿ ಆಗ ಇಸವಿ ಬದಲಾಗ್ತಿದ್ದಿದ್ದು ಮಾರ್ಚ್ 25ಕ್ಕೆ, ಜನವರಿ 1ಕ್ಕೆ ಬಂದಿದ್ದು 1752ರಿಂದ. ಅದೇ ವರ್ಷ ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿದ್ರು, ಸೆಪ್ಟೆಂಬರ್ 2ರ ಮಾರನೇ ದಿನ 14 ಅಂತ ಇರತ್ತೆ, ಅಲ್ಲಿಗೆ ಹೋದಾಗ ಪುಟ ಕಳೆದಿದೆ ಅಂತ ಗಾಬರಿ ಆಗ್ಬೇಡಿ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಆ ಲೆಕ್ಕದಲ್ಲಿ 1731 ಫೆಬ್ರವರಿ 11, ಈಗಿನ ಲೆಕ್ಕದಲ್ಲಿ 1732 ಫೆಬ್ರವರಿ 22. ನೀವು 1731 ಅಂತಲೇ ಹಾಕಿ. ಮಾರ್ಚ್ 24, 25 ಹತ್ರ ಬಂದಾಗ ಇಸವಿ ಬದಲಾಯ್ತಾ ನೋಡಿ, ಕೆಲವರು ಅಲ್ಲಿ ಒಂದು ಗೀಟು ಎಳೆದಿರ್ತಾರೆ.

ಹಳೆಪುಟ:
ಎಳೆದಿದಾನೆ ಮೇಡಂ. ಗೀಟಿನ ಕೆಳಗೆ ದೊಡ್ಡದಾಗಿ 1732. ನಾನು ಅದನ್ನ ಮಸಿ ಕಲೆ ಅಂದ್ಕೊಂಡು ಬಿಟ್ಟಿದ್ದೆ.