ಪುಣೆಯಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ವರ್ಗ: ಎಲ್ಲಿಂದ ಶುರು ಮಾಡಬೇಕು?

ಯೆರವಡಾ_ವಾಚಕ:
ಯೆರವಡಾ ಬದಿಯ ಒಂದು ವಸ್ತಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯ ಸುಮಾರು 30 ಮನೆಗಳಿವೆ. ಹೆಂಗಸರಲ್ಲಿ ಕೆಲವರು ಬಿಗಾರಿ (ಕಟ್ಟಡದ ಕೂಲಿ) ಕೆಲಸಕ್ಕೆ ಹೋಗುತ್ತಾರೆ, ಉಳಿದವರು ಸೊಸೈಟಿಗಳಲ್ಲಿ (ಅಪಾರ್ಟ್‌ಮೆಂಟುಗಳಲ್ಲಿ) ಪಾತ್ರೆ, ನೆಲ ಒರೆಸುವ ಕೆಲಸಕ್ಕೆ. ಮರಾಠಿ ಅರ್ಧಂಬರ್ಧ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಸಮಾಜ ಮಂದಿರದ ಕೋಣೆ ವಾರಕ್ಕೆ ಎರಡು ದಿನ ಸಿಗುತ್ತದೆ. ಮರಾಠಿ ಮಾತು ಮತ್ತು ಓದು, ಆಮೇಲೆ ಹೊಲಿಗೆ, ಆರು ತಿಂಗಳ ವರ್ಗ ಎಂದು ಯೋಚನೆ. ಮೊದಲು ಕನ್ನಡ ಅಕ್ಷರವೋ, ದೇವನಾಗರಿಯೋ? ಆಧಾರ್, ರೇಷನ್ ಕಾಗದಗಳ ಕೆಲಸಕ್ಕೂ ಕೈ ಹಾಕಬೇಕೇ? ಬಚತ್ ಗಟ (ಉಳಿತಾಯದ ಸ್ವಸಹಾಯ ಗುಂಪು) ಜೊತೆಗೇ ಶುರು ಮಾಡಬಹುದೇ?

ಪಿಂಪ್ರಿ_ಪಾಟಿ:
ಕೋಣೆ ಸಿಕ್ಕಿತು ಅಂತ ವಾರ ಗೊತ್ತುಮಾಡಬೇಡ್ರಿ, ಮೊದಲು ನಳದ ಟೈಮ್ ಕೇಳ್ರಿ. ಮೂರಕ್ಕೆ ನೀರು ಬರೋ ಗಲ್ಲಿಯಿಂದ ಮೂರರ ವರ್ಗಕ್ಕೆ ಯಾರೂ ಬರೂದಿಲ್ಲ. ಮನೆಗೆಲಸದವರು ಮಧ್ಯಾಹ್ನ ಒಂದರ ಹೊತ್ತಿಗೆ ತಿರುಗಿ ಬಂದು, ಐದಕ್ಕೆ ಮತ್ತೆ ಹೊರಡ್ತಾರ. ಸಿಗೋದು ಎರಡೂವರೆಯಿಂದ ನಾಲ್ಕು, ಅದರಾಗ 75 ನಿಮಿಷ ಪಾಠ ಸಾಕು. ಬಿಗಾರಿಯವರು ಆಗ ಸೈಟ್‌ನಲ್ಲಿರ್ತಾರ. ಅವರಿಗೆ ಸುಟ್ಟಿ ದಿನ ಬೇರೆ ಬ್ಯಾಚ್ ಮಾಡ್ರಿ, ಆದರೆ ಪಗಾರ-ಸಂತೆಯ ಹೊತ್ತು ಬಿಟ್ಟು. ಸಣ್ಣ ಮಕ್ಕಳನ್ನು ನೋಡ್ಕೊಳ್ಳಾಕ ಕೋಣೆಯ ಮೂಲೆಯಲ್ಲಿ ಒಬ್ಬರು ಇರಲೇಬೇಕು. ಇಲ್ಲಂದ್ರ ತಾಯಂದಿರು ಎರಡನೇ ವಾರಕ್ಕೇ ಬಿಡ್ತಾರ. ಪಂಚಮಿ, ಎಳ್ಳಮಾವಾಸ್ಯೆ, ಊರ ಜಾತ್ರೆ ಮುಂದಿಟ್ಟುಕೊಂಡು ವರ್ಗ ಶುರು ಮಾಡಿದ್ರ ಅರ್ಧ ಮಂದಿ ಊರಿಗೆ ಹೋಗಿರ್ತಾರ.

ಅಕ್ಷರದ ಮಾತು. ಕನ್ನಡ ಓದಾಕ ಬರೋರನ್ನು ಬೇರೆ ಕೂಡ್ಸ್ರಿ. ಅವರಿಗೆ ವರ್ಣಮಾಲೆಯ ಸಾಲು ಅದೇ, ಕಾಗುಣಿತವೇ ಬಾರಾಖಡಿ. ಹ್ರಸ್ವ ಎ, ಒ ಅಕ್ಷರಗಳು ಮರಾಠಿ ಬರವಣಿಗೆಯಲ್ಲಿ ಇಲ್ಲ, ಅಷ್ಟು ಹೇಳಿದ್ರ ಆಯ್ತು. ಓದೇ ಬಾರದವರಿಗೆ ಮೊದಲ ತಿಂಗಳು ಕನ್ನಡವೂ ಬೇಡ, ದೇವನಾಗರಿಯೂ ಬೇಡ. ಅಂಕಿ ಕಲಿಸ್ರಿ. ಮೊಬೈಲ್ ನೋಡಿ ಇಂಗ್ಲಿಷ್ ಅಂಕಿ ಅವರಿಗೆ ಗೊತ್ತಿರ್ತದ, ತೊಂದರೆ ಬರೋದೂ ಅಲ್ಲೇ: ಮರಾಠಿಯ ಒಂದು ಇಂಗ್ಲಿಷಿನ 9ರಂಗ, ನಾಲ್ಕು 8ರಂಗ, ಐದು 4ರಂಗ ಕಾಣ್ತಾವ. ಬಸ್ಸಿನ ಪಾಟಿ ತಪ್ಪಿ ಓದೋದು ಇದಕ್ಕೇ. ಎರಡೂ ಅಂಕಿ ಅಕ್ಕಪಕ್ಕ ಬರೆದ ರಟ್ಟಿನ ಚೀಟಿ ಮಾಡ್ರಿ, ಈ ಮೂರನ್ನು ದಿನಾ ತಿರುಗಿಸ್ರಿ.

ಎಣಿಕೆ ಇನ್ನೂ ಕಷ್ಟ. ನಮ್ಮಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕದಲ್ಲಿ ‘ಏಕವೀಸ’ದ (21) ಬದಲು ‘ವೀಸ ಏಕ’ ಅಂತ ಬಂದಾಗ ದೊಡ್ಡ ಗದ್ದಲವಾಯ್ತು. ನಮ್ಮವರಿಗೆ ಅದೇ ಸುಲಭ ಖರೆ, ಆದರೆ ಬಜಾರದಾಗ ಯಾರೂ ಹಂಗ ಅನ್ನೂದಿಲ್ಲ. ನೂರರ ತನಕ ಬಾಯಿಪಾಠ ಮಾಡಿಸೂ ಮೊದಲು ರೊಕ್ಕದ ಮಾತು ಹಿಡೀರಿ: ದೀಡಶೇ 150, ಪಾವಣೇದೋನಶೇ 175, ಅಡೀಚಶೇ 250, ಸಾಡೇತೀನ ಹಜಾರ 3,500. ಪಗಾರ ಗೊತ್ತುಮಾಡೂ ಹೊತ್ತಿನಾಗ ಮೋಸ ಹೋಗೋದು ಈ ದೀಡ-ಅಡೀಚದಲ್ಲೇ.

ಮಾತು ಕಲಿಸೋದು ಹೆಂಗಸರೇ ಆಗಬೇಕು. ಕನ್ನಡದಾಗ ‘ನಾನು ಬರ್ತೀನಿ’ಗೆ ಗಂಡು-ಹೆಣ್ಣು ಭೇದ ಇಲ್ಲ, ಮರಾಠಿಯಲ್ಲಿ ಹೆಂಗಸು ‘ಮೀ ಯೇತೆ’, ಗಂಡಸು ‘ಮೀ ಯೇತೋ’. ಮುಕಾದಮನ (ಮೇಸ್ತ್ರಿಯ) ಬಾಯಿಂದ ಕಲಿತವರು ‘ಯೇತೋ’ ಅಂದು ಸೊಸೈಟಿಯಲ್ಲಿ ನಗೆಪಾಟಲಾಗಿ, ಆಮೇಲೆ ಬಾಯೇ ಬಿಡೂದಿಲ್ಲ. ವ್ಯಾಕರಣ ಹೇಳಬೇಡ್ರಿ, ಇಬ್ಬರನ್ನು ಎದುರು-ಬದುರು ನಿಲ್ಲಿಸಿ ಆಡಿಸ್ರಿ: ಉಚಲ (ಮುಂಗಡ) ಕೇಳೋದು, ಎರಡೇ ಖಾಡೆ (ಗೈರುಹಾಜರಿ) ಆಗಿದ್ದಾಗ ನಾಲ್ಕು ದಿನದ ಪಗಾರ ಕಡಿದ್ರ ಲೆಕ್ಕ ಕೇಳೋದು, ದವಾಖಾನೆಯಲ್ಲಿ ಎಲ್ಲಿ ನೋವು, ಎಷ್ಟು ದಿನದಿಂದ ಅಂತ ಹೇಳೋದು.

ಸಾಯನ್_ಕೌಂಟರ್:
ಕಾಗದದ ಕೆಲಸಕ್ಕೆ ಕೈ ಹಾಕಿ, ಆದರೆ ಪಾಠದ ದಿನ ಅಲ್ಲ. ಒಂದೇ ದಿನ ಇಟ್ಟರೆ ಪಾಠ ಮುಳುಗುತ್ತದೆ. ತಿಂಗಳಿಗೊಂದು ಕಾಗದದ ದಿನ ಮಾಡಿ. ಮೂಲ ದಾಖಲೆ ಯಾರದ್ದೂ ಇಟ್ಟುಕೊಳ್ಳಬೇಡಿ. ಒಟಿಪಿ ಅವರ ಫೋನಿಗೇ ಬರಲಿ, ಅವರೇ ಓದಿ ಹಾಕಲಿ. ಅಂಕಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮೊದಲು ನೋಡಬೇಕಾದ್ದು ಹೆಸರು. ಮಹಾರಾಷ್ಟ್ರದ ಅರ್ಜಿಯಲ್ಲಿ ಆಡನಾವ (ಮನೆತನದ ಹೆಸರು), ಹೆಸರು, ಗಂಡನ ಅಥವಾ ತಂದೆಯ ಹೆಸರು ಎಂದು ಮೂರು ಖಾನೆ ಇರುತ್ತವೆ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಆಡನಾವವೇ ಇಲ್ಲ. ಆಗ ಗುಮಾಸ್ತ ಒಂದು ಕಡೆ ಊರ ಹೆಸರು ತುಂಬುತ್ತಾನೆ, ಇನ್ನೊಂದು ಕಡೆ ಗಂಡನ ಹೆಸರು. ಮುಂದೆ ಬ್ಯಾಂಕಿನ ಹೆಸರು ಆಧಾರ್‌ಗೆ ಹೊಂದದೆ ದುಡ್ಡು ನಿಲ್ಲುತ್ತದೆ. ಆಧಾರ್‌ನಲ್ಲಿ ಇದ್ದ ಹಾಗೇ, ‘ಬಾಯಿ’, ‘ಅಮ್ಮ’ ಸಮೇತ, ಒಂದು ಚೀಟಿಯಲ್ಲಿ ಬರೆದು ಕೊಡಿ. ಎಲ್ಲಿ ಹೋದರೂ ಅದನ್ನೇ ತೋರಿಸಲಿ.

ರೇಷನ್: ಕರ್ನಾಟಕದ ಕಾರ್ಡ್ ರದ್ದು ಮಾಡಿಸುವ ಅಗತ್ಯ ಇಲ್ಲ. ‘ಒಂದು ದೇಶ ಒಂದು ರೇಷನ್ ಕಾರ್ಡ್’ ಅಡಿಯಲ್ಲಿ ಪುಣೆಯ ಅಂಗಡಿಯಲ್ಲೂ ಬೆರಳೊತ್ತಿ ಪಡೆಯಬಹುದು. ಒಂದು ಪಾಲು ಇಲ್ಲಿ, ಉಳಿದದ್ದು ಊರಲ್ಲಿರುವ ಅತ್ತೆ-ಮಾವ ಅಲ್ಲಿ ತೆಗೆದುಕೊಳ್ಳಬಹುದು. ಇಲ್ಲಿ ಸಿಗುವುದು ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ, ಬಿಪಿಎಲ್‌ನವರಿಗೆ ತಲೆಗೆ ತಿಂಗಳಿಗೆ 5 ಕೆ.ಜಿ.; ಕರ್ನಾಟಕ ಸರ್ಕಾರ ಮೇಲಿಂದ ಕೊಡುವುದು ಇಲ್ಲಿ ಸಿಗದು. ಅಂಗಡಿಯವನು ಕಡಿಮೆ ಕೊಟ್ಟ ಎಂದು ಜಗಳಕ್ಕೆ ನಿಲ್ಲುವ ಮೊದಲು ಇದು ಗೊತ್ತಿರಲಿ. ಕಾರ್ಡಿನ ಎಲ್ಲರ ಇ-ಕೆವೈಸಿ (ಗುರುತಿನ ದೃಢೀಕರಣ) ಆಗಿದೆಯೇ ಎಂದೂ ನೋಡಿ.

ಸಿಮೆಂಟು, ಪಾತ್ರೆ ಪುಡಿಯಿಂದ ಬೆರಳ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ಆಗುತ್ತದೆ. ಕೈ ತೊಳೆದು ಒರೆಸಿ ಎಡಗೈ ಬೆರಳುಗಳನ್ನೂ ಒತ್ತಿಸಿ. ಆಗಲೂ ಬಾರದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ, ಅದೇ ಸಲ ಮೊಬೈಲ್ ನಂಬರನ್ನೂ ಸೇರಿಸಿಬಿಡಿ.

ಬಿಗಾರಿಯವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ಬಿಡಬೇಡಿ: ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಆ 90 ದಿನದ ಪತ್ರಕ್ಕೆ ಕಂತ್ರಾಟದಾರ ಸಹಿ ಹಾಕಲು ಹಿಂದೆಮುಂದೆ ನೋಡುತ್ತಾನೆ, ಕೆಲಸ ನಿಲ್ಲುವುದು ಅಲ್ಲೇ. ಸೈಟ್ ಮುಗಿಯುವ ಮೊದಲೇ ಪತ್ರ ಮಾಡಿಸಿಕೊಳ್ಳಲಿ.

ಮ್ಹಾಪ್ಸಾ_ಮಳೆ:
ಗೋವಾದ ಕಡೆಯಿಂದ ಒಂದೆರಡು ಮಾತು. ಕಲಂಗುಟ್ ಬದಿ ಬೀಚಿನಲ್ಲಿ ಮಾರುವ ಲಂಬಾಣಿ ಹೆಂಗಸರಿಗೂ, ವಾಸ್ಕೊ-ಜುವಾರಿನಗರದ ಕನ್ನಡದವರಿಗೂ ಒಂದೇ ವರ್ಗ ಮಾಡಲು ಹೋಗಬೇಡಿ. ಲಂಬಾಣಿಯವರ ಮನೆಮಾತು ಗೋರ್‌ಬೋಲಿ. ಕನ್ನಡ ಅವರಿಗೆ ಎರಡನೆಯದು, ಎಲ್ಲರಿಗೂ ಅಷ್ಟಾಗಿ ಬರುವುದೂ ಇಲ್ಲ. ಅವರಲ್ಲೇ ಒಬ್ಬಳನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಪುಣೆಯ ತಾಂಡಾದವರಿಗೂ (ಲಂಬಾಣಿ ವಸ್ತಿಯವರಿಗೂ) ಇದು ಅನ್ವಯ. ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಹುಷಾರು: ಕರ್ನಾಟಕದಲ್ಲಿ ಲಂಬಾಣಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರಾ ವಿಮುಕ್ತ ಜಾತಿ. ಊರಿನ ಪತ್ರ ತೋರಿಸಿ ಮಹಾರಾಷ್ಟ್ರದಲ್ಲಿ ಮೀಸಲಾತಿ ಸಿಗುತ್ತದೆಂದು ಮಾತು ಕೊಟ್ಟರೆ ಆಮೇಲೆ ಮುಖ ತೋರಿಸುವ ಹಾಗಿಲ್ಲ.

ಹೊಲಿಗೆ ವರ್ಗ ಇವರಿಗೆ ಬೇಕಿಲ್ಲ, ಕನ್ನಡಿ-ಕವಡೆ ಕಸೂತಿ ಕೈಯಲ್ಲೇ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಕೂಡ ಸಿಕ್ಕಿದೆ. ಇವರಿಗೆ ಬೇಕಾದ್ದು ಬೆಲೆ ಕಟ್ಟುವ ಲೆಕ್ಕ: ಬಟ್ಟೆ, ದಾರ, ಕನ್ನಡಿಯ ಖರ್ಚಿನ ಜೊತೆ ಕೂತ ಗಂಟೆಗಳನ್ನೂ ಹಿಡಿಯುವುದು.

ಯೆರವಡಾ_ವಾಚಕ:
ಧನ್ಯವಾದ. ಪಾಟಿ ಸರ್ ಹೇಳಿದ ಹಾಗೆ ಅಂಕಿಯಿಂದಲೇ ಶುರು ಮಾಡುತ್ತೇವೆ. ಬಚತ್ ಗಟದ ಬಗ್ಗೆ ಯಾರಾದರೂ ಹೇಳಿ. ಎರಡು ಹೊಲಿಗೆ ಯಂತ್ರ ದಾನಕ್ಕೆ ಬಂದಿವೆ, ಅವು ಸಾಕೇ?

ಲೆಡ್ಜರ್_ಅಕ್ಕ:
ಗಟ ಮೂರನೇ ತಿಂಗಳಿಂದ ಮಾಡಿ. ಯಾರು ಬಿಡದೆ ಬರುತ್ತಾರೆ ಅಂತ ಅಷ್ಟರೊಳಗೆ ಗೊತ್ತಾಗುತ್ತದೆ. 10ರಿಂದ 20 ಜನ, ಒಂದೇ ಗಲ್ಲಿಯವರು. 12 ಜನ ವಾರಕ್ಕೆ 50 ರೂಪಾಯಿ ಹಾಕಿದರೆ 26 ವಾರಕ್ಕೆ 15,600. ಉಳಿತಾಯ ಖಾತೆ ತೆರೆಯಲು ಎಲ್ಲ ಸದಸ್ಯರ ಕೆವೈಸಿ ಬೇಕೆಂದು ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಪದಾಧಿಕಾರಿಗಳದ್ದು ಸಾಕು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಇದೆ, ಆ ಪುಟ ಪ್ರಿಂಟ್ ತೆಗೆದುಕೊಂಡು ಹೋಗಿ. ಬ್ಯಾಂಕಿನ ಸಾಲ ಕೇಳಲು ಗಟ ಆರು ತಿಂಗಳಾದರೂ ಸರಿಯಾಗಿ ನಡೆದಿರಬೇಕು, ಅವರು ನೋಡುವುದು ನಿಮ್ಮ ಪುಸ್ತಕಗಳನ್ನು: ನಡಾವಳಿ, ನಗದು ಪುಸ್ತಕ, ಉಳಿತಾಯ-ಸಾಲದ ಖಾತೆ.

ವಲಸೆಯವರ ಗಟ ಒಡೆಯುವುದು ಊರಿಗೆ ಹೋದಾಗ. ಸಹಿಯ ಮೂವರಲ್ಲಿ ಕನಿಷ್ಠ ಇಬ್ಬರು ಬಿತ್ತನೆಗೂ ಊರಿಗೆ ಹೋಗದವರಾಗಿರಲಿ. ಊರಿಗೆ ಹೋಗುವವರು ಅಷ್ಟು ವಾರದ ಹಣ ಮುಂಚೆಯೇ ಕಟ್ಟಲಿ, ಸಾಲ ಬಾಕಿ ಇಟ್ಟು ಹೋಗಬಾರದು ಎಂಬ ನಿಯಮವನ್ನು ಮೊದಲ ಸಭೆಯಲ್ಲೇ ಬರೆಸಿ. ಮೊದಲ ಸಾಲ 1,000ಕ್ಕಿಂತ ಹೆಚ್ಚು ಬೇಡ. ತಿಂಗಳಿಗೆ ಸೇಕಡಾ 2 ಎಂದರೆ 20 ರೂಪಾಯಿ ಬಡ್ಡಿ, ಬಾಯಲ್ಲೇ ಲೆಕ್ಕ ಆಗುತ್ತದೆ. ನಿಮ್ಮ ತಂಡದವರು ದುಡ್ಡು ಮುಟ್ಟಬಾರದು, ಪುಸ್ತಕ ಬರೆಯಲು ಕಲಿಸಿ ಸಾಕು.

ಯಂತ್ರ ಎರಡೇ ಇದ್ದರೆ ಒಂದು ಬ್ಯಾಚಿಗೆ ನಾಲ್ಕೇ ಜನ. ಬ್ಲೌಸ್ ಕಲಿಸುವ ಆಸೆ ಬಿಡಿ, ಅಳತೆಗೆ ಕೂರಿಸಲು ತಿಂಗಳುಗಟ್ಟಲೆ ಬೇಕು, ಒಂದು ಕೆಟ್ಟರೆ ಗಿರಾಕಿ ಮತ್ತೆ ಬರುವುದಿಲ್ಲ. ದಿಂಬಿನ ಚೀಲ, ಲಂಗ, ಆಮೇಲೆ ಸೀರೆಗೆ ಫಾಲ್ (ಅಂಚಿನ ಒಳಗೆ ಹೊಲಿಯುವ ಪಟ್ಟಿ). ಫಾಲ್ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಲೇಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ ಸೀರೆಯ ಅಂಚು ಸುಕ್ಕಾಗುತ್ತದೆ. ಪಿಕೊಗೆ (ಸೀರೆ ಅಂಚು ಬಿಚ್ಚದಂತೆ ಹಾಕುವ ಹೊಲಿಗೆ) ಜಿಗ್‌ಜಾಗ್ ಯಂತ್ರ ಬೇಕು, ಸಾದಾ ಯಂತ್ರದಲ್ಲಿ ಆಗದು. ದಾನದ ಎರಡರಲ್ಲಿ ಒಂದು ಅದೇನಾ ಅಂತ ನೋಡಿ ಹೇಳಿ.