ಸಹಾಯ ಬೇಕು: ಅಣ್ಣನ ಆಕ್ಸಿಡೆಂಟ್ ಕ್ಲೇಮ್, ಕೊಪ್ಪಳದಾಗ ಒಳ್ಳೆ ವಕೀಲರು ಯಾರದಾರ?

ಎಲ್ಲರಿಗೂ ನಮಸ್ಕಾರ್ರಿ. ನಾಕ ತಿಂಗಳ ಹಿಂದ ನಮ್ಮಣ್ಣ ಗಾರೆ ಕೆಲಸ ಮುಗಿಸ್ಕೊಂಡು ಗಿಣಿಗೇರಿ ಕಡಿಂದ ಬೈಕ್ ಮ್ಯಾಲ ಬರಾಕತ್ತಿದ್ದ, ರಾಂಗ್ ಸೈಡ್ ಬಂದ ಟಿಪ್ಪರ್ ಗುದ್ದಿ ಅಲ್ಲೇ ಜೀವ ಹೋತು. ಎರಡು ಸಣ್ಣ ಮಕ್ಳು ಅದಾವ. ಸಣ್ಣದು ಇನ್ನೂ ಸಂಜಿಯಾದ್ರ ಬಾಗಲಕ್ಕ ಹೋಗಿ ನಿಂದರತೈತಿ.

ಟಿಪ್ಪರ್ ಮಾಲೀಕನ ಕಡೇರು ಎರಡು ಲಕ್ಷ ತಗೊಂಡು ಸೈನ್ ಹಾಕ್ರಿ ಅಂತ ದಿನಾ ಮನಿಗೆ ಬರ್ತಾರ, ಅವ್ವ ಹೆದರಿ ಹಾಕೇಬಿಡೋಣು ಅಂತಾಳ, ನಾನು ಬ್ಯಾಡಂದೀನಿ. ಆಕ್ಸಿಡೆಂಟ್ ಆದ 6 ತಿಂಗಳೊಳಗ ಕ್ಲೇಮ್ ಅರ್ಜಿ ಹಾಕ್ಬೇಕಂತ 2022ರ ಏಪ್ರಿಲ್‌ನಿಂದ ಕಾಯ್ದೆ ಐತಿ, ನಮಗ ಉಳಿದಿದ್ದು ಎರಡೇ ತಿಂಗಳು.

ಎಫ್‌ಐಆರ್, ಪೋಸ್ಟ್‌ಮಾರ್ಟಮ್ ರಿಪೋರ್ಟ್ ಸಿಕ್ಕಾವ, ಚಾರ್ಜ್‌ಶೀಟ್ ಇನ್ನೂ ಸಿಕ್ಕಿಲ್ಲ. ಅಣ್ಣಗ ಪಗಾರ ಎಲ್ಲಾ ಕೈಯಾಗ, ಸ್ಲಿಪ್ ಇಲ್ಲ, ಲೇಬರ್ ಕಾರ್ಡ್ ಒಂದೈತಿ. ದುಡಿಮಿ ತೋರ್ಸಾಕ ಅದು ನಡಿತೈತೇನ್ರಿ, ಇಲ್ಲಾ ಮೇಸ್ತ್ರಿನ್ನ ಸಾಕ್ಷಿ ಕರಿಬೇಕೋ?

ಒಬ್ಬ ಏಜೆಂಟ್ ಬಂದ ರೊಕ್ಕದಾಗ 30 ಪರ್ಸೆಂಟ್ ಕೇಳ್ಯಾನ. ಮಕ್ಕಳ ರೊಕ್ಕರೀ ಅದು, ಹೆಂಗ ಕೊಡಾಕಾಗ್ತೈತಿ? ಹೆಣ್ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಫ್ರೀ ವಕೀಲರನ್ನ ಕೊಡ್ತಾರ, 15100ಕ್ಕೆ ಫೋನ್ ಮಾಡಿದ್ರೂ ಆಗ್ತೈತಿ, ಅತ್ತಿಗಿ ಹೆಸರಿಲೆ ಅಲ್ಲೇ ಅರ್ಜಿ ಕೊಡ್ಬೇಕಂತ ಮಾಡೀನಿ. ಅಲ್ಲಿ ಕೇಸ್ ನಡೆಸಿದೋರು ಯಾರಾದ್ರೂ ಇದ್ರ ದಯವಿಟ್ಟು ಹೇಳ್ರಿ, ಸೋಮವಾರ ಅತ್ತಿಗಿನ್ನ ಕರ್ಕೊಂಡು ಹೊಂಟೀನಿ.