ಗೋಕರ್ಣದ ರೆಸಾರ್ಟಿನಲ್ಲಿ ಗೆಸ್ಟ್ ರಿಲೇಶನ್ ಕೆಲಸ: ಸೇರುವ ಮೊದಲು ಏನೇನು ಗೊತ್ತಿರಬೇಕು?

ಕೇಳಿದ್ದು: ಬಿ.ಕಾಂ. ಮುಗಿದಿದೆ, ಊರು ಕುಮಟಾ. ಗೋಕರ್ಣದ ಹತ್ತಿರದ ರೆಸಾರ್ಟೊಂದರಿಂದ ಗೆಸ್ಟ್ ರಿಲೇಶನ್ ಕೆಲಸಕ್ಕೆ ಕರೆ ಬಂದಿದೆ. ಬಂದವರನ್ನು ನೋಡಿಕೊಳ್ಳುವುದು, ತಿರುಗಾಟದ ವ್ಯವಸ್ಥೆ, ದೂರು, ಎಲ್ಲ ನನ್ನ ಪಾಲಿಗಂತೆ. ಬಲ್ಲವರು ಹೇಳಿ.

ಗೋಕರ್ಣ, ಫ್ರಂಟ್ ಆಫೀಸ್: ಈ ಕೆಲಸ ಕೆಡುವುದೂ ಸುಧಾರಿಸುವುದೂ ಹಿಂದಿನ ದಿನದ ಫೋನಿನಲ್ಲಿ. ನಾಳೆ ಬರುವವರ ಪಟ್ಟಿ ಸಂಜೆಯೇ ಹಿಡಿದು ಕೂತು ಕೇಳಿ: ಯಾವ ರೈಲು ಅಥವಾ ವಿಮಾನ, ಎಷ್ಟು ಜನ, ಎಷ್ಟು ಲಗೇಜು, ಊಟದಲ್ಲಿ ಏನು ಆಗುವುದಿಲ್ಲ. ‘ಗೋವಾ ಏರ್‌ಪೋರ್ಟ್’ ಅಂದರೆ ಒಪ್ಪಬೇಡಿ, ಟಿಕೆಟಿನ ಫೋಟೋ ತರಿಸಿ. 2023ರ ಜನವರಿಯಿಂದ ಮೋಪಾದಲ್ಲೂ ವಿಮಾನ ಇಳಿಯುತ್ತದೆ. ಅದು ಉತ್ತರ ಗೋವಾದ ತುದಿ, ಕಾರು ಹಳೇ ವಿಮಾನ ನಿಲ್ದಾಣ ದಾಬೋಳಿಯಲ್ಲಿ ಕಾಯುತ್ತಿದ್ದರೆ ಅರ್ಧ ದಿನ ಹಾಳು.

ರೈಲಿನವರಿಗೆ ಇನ್ನೊಂದು ಮಾತು. ಗೋಕರ್ಣ ರೋಡ್ ಸ್ಟೇಷನ್ ಪೇಟೆಯಿಂದ ಸುಮಾರು 10 ಕಿ.ಮೀ. ದೂರ, ಎಲ್ಲ ಎಕ್ಸ್‌ಪ್ರೆಸ್‌ಗಳೂ ಅಲ್ಲಿ ನಿಲ್ಲುವುದಿಲ್ಲ. ಕೆಲವರನ್ನು ಅಂಕೋಲಾ ಅಥವಾ ಕುಮಟಾದಲ್ಲೇ ಇಳಿಸಿಕೊಳ್ಳಬೇಕು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ಗುಡ್ಡ ಜಾರುವ ಭಯಕ್ಕೆ ವೇಗ ಇಳಿಸುತ್ತಾರೆ, ಹಾಗಾಗಿ ಹಳೇ ಸಮಯ ನಂಬಿ ಗಾಡಿ ಕಳಿಸಬೇಡಿ.

ಬೆಳಿಗ್ಗೆ ಐದಕ್ಕೆ ಇಳಿದವರಿಗೆ ರೂಮು ತಯಾರಿರುವುದಿಲ್ಲ. ಹಿಂದಿನವರು ಹನ್ನೊಂದಕ್ಕೆ ಬಿಟ್ಟರೆ, ಹಾಸಿಗೆ ಬದಲಿಸಿ ಬಾತ್‌ರೂಮು ತೊಳೆಯಲು ರೂಮಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಇದನ್ನು ಫೋನಿನಲ್ಲೇ ಹೇಳಿ, ಸ್ನಾನಕ್ಕೊಂದು ಜಾಗ, ತಿಂಡಿ, ಲಗೇಜಿಗೆ ಚೀಟಿ ಇಟ್ಟುಕೊಂಡರೆ ಜಗಳವೇ ಹುಟ್ಟುವುದಿಲ್ಲ. ವಿದೇಶದವರು ಬಂದರೆ ಪಾಸ್‌ಪೋರ್ಟ್, ವೀಸಾ ಪ್ರತಿ ತೆಗೆದುಕೊಂಡು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕು. ಎಲ್ಲರೂ ‘ಸಿ ಫಾರ್ಮ್’ ಅಂತಲೇ ಕರೆಯುತ್ತಾರೆ. ರಾತ್ರಿ ಪಾಳಿಯವರಿಗೆ ಬಿಟ್ಟರೆ ಮರೆತುಹೋಗುತ್ತದೆ.

ಮುರುಡೇಶ್ವರ, ಬೋಟು ಮತ್ತು ಡೈವಿಂಗ್ ಬುಕಿಂಗ್: ಸಮುದ್ರದ ವಿಷಯದಲ್ಲಿ ‘ಇಲ್ಲ’ ಅನ್ನುವುದನ್ನು ರೂಢಿ ಮಾಡಿಕೊಳ್ಳಿ ತಮ್ಮ, ಅತಿಥಿ ಎಷ್ಟೇ ದೊಡ್ಡವರಿರಲಿ.

ಡೈವಿಂಗಿಗೆ ಹೆಚ್ಚಿನವರು ಕೇಳುವುದು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಬಂದ್. ಉಳಿದ ದಿನಗಳಲ್ಲೂ ಗಾಳಿ ನೋಡಿ ಬೆಳಿಗ್ಗೆಯೇ ತೀರ್ಮಾನವಾಗುತ್ತದೆ, ಆದ್ದರಿಂದ ರದ್ದಾದರೆ ದುಡ್ಡು ಹೇಗೆ ವಾಪಸ್ ಅನ್ನುವುದನ್ನು ಬರೆದು ಕಳಿಸಿ. ಕಡೇ ದಿನಕ್ಕೆ ಡೈವಿಂಗ್ ಹಾಕಲೇಬೇಡಿ. ನೀರಿನಾಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ, ವಿಮಾನ ಮೇಲೇರಿ ಒತ್ತಡ ತಗ್ಗಿದಾಗ ಗುಳ್ಳೆಯಾಗುತ್ತದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚಾದರೆ 18 ಗಂಟೆ ವಿಮಾನ ಹತ್ತಬಾರದು. ಉಬ್ಬಸ, ಹೃದಯದ ತೊಂದರೆ, ಕಿವಿ ಆಪರೇಷನ್, ಬಸಿರು, ಇವನ್ನು ದುಡ್ಡು ಕಟ್ಟಿಸಿಕೊಳ್ಳುವ ಮೊದಲೇ ಕೇಳಿ. ಬರೀ ನೆಗಡಿ ಇದ್ದರೂ ಕಿವಿಯ ಒತ್ತಡ ಸರಿಹೋಗುವುದಿಲ್ಲ.

ಈಜುವವರಿಗೆ ಸೆಳೆತ ಎಲ್ಲಿದೆ ಅಂತ ಕೈಮಾಡಿ ತೋರಿಸಬೇಕು. ಎರಡು ಕಡೆ ಅಲೆ ಮುರಿಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ ಅಲ್ಲೇ ಎಳೆತ. ಶಾಂತವಾಗಿದೆ ಅಂತಲೇ ಜನ ಅಲ್ಲಿಗೆ ಇಳಿಯುತ್ತಾರೆ. ಸಿಕ್ಕಿಕೊಂಡವರು ದಡದ ಕಡೆ ನೇರ ಈಜಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಎಳೆತ ದಾಟಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲೇ ನೀರುಪಾಲಾದರು. ಜೀವರಕ್ಷಕರ ಮಾತಿಗಿಂತ ನಿಮ್ಮ ಪ್ಯಾಕೇಜು ದೊಡ್ಡದಲ್ಲ.

ಕಯಾಕಿಂಗ್, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ದೋಣಿ ಇದ್ದರೆ ಉಬ್ಬರ–ಇಳಿತದ ಪಟ್ಟಿ ಡೆಸ್ಕಿನ ಮೇಲಿರಲಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದಲ್ಲಿ ದೋಣಿ ಕೆಸರಿನಲ್ಲಿ ಕೂರುತ್ತದೆ.

ಶಿರಸಿ, ಟ್ರಾವೆಲ್ಸ್: ಯಾಣ, ಜೋಗ, ಮುರುಡೇಶ್ವರ ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ ಮಾರಾಯ್ರೆ. ನಕ್ಷೆಯಲ್ಲಿ ಕಾಣುವ ದೂರ ಘಟ್ಟದಲ್ಲಿ ಸುಳ್ಳು. ಯಾಣದಲ್ಲಿ ಗಾಡಿ ನಿಲ್ಲಿಸಿದ ಮೇಲೆ ನಡಿಗೆ ಇದೆ, ಮೆಟ್ಟಿಲಿದೆ. ಮಂಡಿನೋವಿನ ಹಿರಿಯರಿದ್ದರೆ ಮೊದಲೇ ಹೇಳಿ, ಅವರಿಗೆ ಮಿರ್ಜಾನ್ ಕೋಟೆಯೇ ಹಿತ. ಮಳೆಗಾಲದಲ್ಲಿ ಹೊರಡುವ ಬೆಳಿಗ್ಗೆ ದೇವಿಮನೆ, ಅರಬೈಲ್ ಘಟ್ಟಗಳ ಸ್ಥಿತಿ ಡ್ರೈವರನ್ನೇ ಕೇಳಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಬದಲಿ ದಾರಿಯ ಬಾಡಿಗೆಯನ್ನೂ ಮುಂಚೆಯೇ ಮಾತಾಡಿಡಿ. ಘಟ್ಟದಲ್ಲಿ ನೆಟ್‌ವರ್ಕ್ ಹೋಗುತ್ತದೆ, ಡ್ರೈವರ್ ನಂಬರು ಅತಿಥಿಯ ಹತ್ತಿರ ಕಾಗದದ ಮೇಲೂ ಇರಲಿ.

ಕಾರವಾರ, ರೆಸಾರ್ಟ್ ಮ್ಯಾನೇಜರ್: ಗೋವಾ ಕಡೆಯಿಂದ ಬರುವವರಿಗೆ ಮದ್ಯದ ಬಾಟಲಿ ತರಬೇಡಿ ಅಂತ ಮೆಸೇಜು ಹಾಕಿ. ಗಡಿಯ ಮಾಜಾಳಿಯಲ್ಲಿ ಅಬಕಾರಿ ತಪಾಸಣೆ ಇದೆ, ಸಿಕ್ಕಿದರೆ ಕೇಸು. ಕಾರವಾರದ ನೌಕಾನೆಲೆಯ ಆಸುಪಾಸಿನಲ್ಲಿ ಡ್ರೋನ್ ಹಾರಿಸಬಾರದು ಅನ್ನುವುದೂ ಅದೇ ಮೆಸೇಜಿನಲ್ಲಿರಲಿ.

ದೂರು ಬಂದಾಗ ರೂಮ್ ನಂಬರು, ಸಮಯ, ಯಾರಿಗೆ ಒಪ್ಪಿಸಿದಿರಿ, ಮೂರನ್ನೂ ಬರೆಯಿರಿ. ‘ನೋಡ್ತೇವೆ’ ಅನ್ನಬೇಡಿ, ‘ಇಪ್ಪತ್ತು ನಿಮಿಷದಲ್ಲಿ ಜನ ಬರ್ತಾರೆ’ ಅನ್ನಿ, ಹದಿನೈದಕ್ಕೆ ನೀವೇ ಫೋನ್ ಮಾಡಿ ಎಲ್ಲಿಗೆ ಬಂತು ತಿಳಿಸಿ. ಎಸಿ ಕೆಟ್ಟಿದ್ದಕ್ಕಿಂತ ಯಾರೂ ತಿರುಗಿ ನೋಡಲಿಲ್ಲ ಅನ್ನುವುದಕ್ಕೇ ಜನ ಸಿಟ್ಟಾಗುವುದು. ಬಿಲ್ಲಿನಲ್ಲಿ ಎಷ್ಟರವರೆಗೆ ಬಿಡಲು ನಿಮಗೆ ಅಧಿಕಾರ ಇದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಅಂಕೋಲಾ, ಎಚ್‌ಆರ್: ಸಹಿ ಹಾಕುವ ಮೊದಲು ಬರಹದಲ್ಲಿ ತಗೊಳ್ಳಿ: ವಾರದ ರಜೆ ಯಾವತ್ತು, ರಾತ್ರಿ ಪಾಳಿ ಎಷ್ಟು, ಉಳಿಯಲು ಜಾಗ, ಪಿಎಫ್. ಡಿಸೆಂಬರ್ ಕೊನೆಗೂ ಶಿವರಾತ್ರಿಗೂ ರಜೆ ಆಸೆ ಬೇಡ. ಮುಖ್ಯವಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರಾ ಸಂಬಳವೋ ಅರ್ಧವೋ ಅಂತ ಕೇಳಿ. ಬಾಯಿಮಾತಿನ ಭರವಸೆ ಮಳೆ ಶುರುವಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಗೋಕರ್ಣ, ಫ್ರಂಟ್ ಆಫೀಸ್: ಒಂದು ಬಿಟ್ಟುಹೋಗಿತ್ತು. ಮಹಾಬಲೇಶ್ವರ ದೇವಸ್ಥಾನದೊಳಗೆ ಗಂಡಸರು ಪಂಚೆ ಉಡಬೇಕು, ಅಂಗಿ ತೆಗೆಯಬೇಕು; ಜೀನ್ಸ್, ಚಡ್ಡಿ ನಡೆಯುವುದಿಲ್ಲ. ಡೆಸ್ಕಿನಲ್ಲಿ ಒಗೆದ ಪಂಚೆ ನಾಲ್ಕೈದು ಇಟ್ಟುಕೊಳ್ಳಿ.